ಹದಿನೈದನೆಯ ಬಾಟಲಿ

ಮಧ್ಯಾಹ್ನವೇ ಗಾಳಿ ನಿಂತಿತ್ತು.
ಹುಟ್ಟಿನ ತುದಿಯಿಂದ ಹನಿ ಜಾರಿದ ಸದ್ದೂ
ಕಾಂಡ್ಲಗಿಡಗಳ ಆಚೆ ಯಾರಿಗೋ ಕೇಳುವಷ್ಟು.
ಉಪ್ಪಿನಪಟ್ಟಣ ಬಿಟ್ಟು ಎರಡನೆಯ ದಿನ,
ಪಾತಿಯಲ್ಲಿ ಮೂವರು:
ಮುಂದೆ ಮಿನೂ ಫರ್ನಾಂಡಿಸ್, ಬಿಎಸ್ಸಿ ಕೊನೆಯ ವರ್ಷ,
ನಡುವೆ ಬಾಟಲಿ ಪೆಟ್ಟಿಗೆ ತಬ್ಬಿಕೊಂಡ ನಾನು,
ಹಿಂದೆ ಜಟ್ಟು ಅಂಬಿಗ, ದವಡೆಯಲ್ಲಿ ಎಲೆ.

ಕಿಲೋಮೀಟರಿಗೊಂದು ಬಾಟಲಿ.
ಮೇ ತಿಂಗಳಲ್ಲಿ ಅಘನಾಶಿನಿಯೊಳಗೆ
ಕಡಲು ಎಷ್ಟು ದೂರ ನಡೆದು ಬರುತ್ತದೆ
ಎಂದು ಅಳೆಯುವುದು ನಮ್ಮ ಕೆಲಸ.
ಮೀಟರು ಮುಳುಗಿಸಿ, ಅಂಕಿ ನಿಲ್ಲಲು ಕಾದು,
ನಾನು ಬರೆದುಕೊಳ್ಳುವಷ್ಟರಲ್ಲಿ
ಜಟ್ಟು ಬೆರಳದ್ದಿ ನಾಲಗೆಗೆ ತಾಗಿಸಿರುತ್ತಿದ್ದ.
"ನಿನ್ನಿನ ಗಂಜಿ."
ಮುಂದಿನ ತಿರುವಿನಲ್ಲಿ, "ಮಾವಿನಮಿಡಿ ತೊಳೆದ ನೀರು."
ಅದರ ಮುಂದೆ, "ಹೆಂಡ್ತಿ ಸಿಟ್ಟಲ್ಲಿ ಮಾಡಿದ ಸಾರು."
ಮಿನೂ ಅದನ್ನೂ ಬರೆದಿಟ್ಟಳು,
ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಹದಿನಾಲ್ಕು ತುಂಬುವಾಗ ಮೂಡಣ ಘಟ್ಟದ ಮೇಲೆ
ಬಳಚಿನ ಚಿಪ್ಪಿನ ಒಳಮೈ ಬಣ್ಣ.
ನೇರಳೆ, ಅದರ ಹಿಂದೆ ಇನ್ನೂ ನೇರಳೆ.
ಏಡಿಗಳು ಬಿಲಕ್ಕೆ ಕೆಸರಿನ ಬಿರಡೆ ಹಾಕುತ್ತಿದ್ದವು.
ಆಚೆ ದಡದ ಊರಲ್ಲಿ ಒಂದು ದೀಪ ಹತ್ತಿ, ಆರಿ,
ಮತ್ತೆ ಹತ್ತಲಿಲ್ಲ.
ಅಲ್ಲಿಗೇ ಹೋಗೋಣ, ಅಂದೆ.
"ಸಿಡ್ಲು ಬಿಚ್ಚಿದ ಮೇಲೆ ನೀರ ಮೇಲೆ ಇರೂಕಾಗ,"
ಎಂದವನು ಪಾತಿಯನ್ನು ಕುರ್ವೆಗೆ ತಿರುಗಿಸಿದ.
ಕುರ್ವೆ ಅಂದರೂ ದೊಡ್ಡ ಮಾತು:
ಮರಳು, ಎರಡು ಪೊದೆ, ಯಾರದೋ ಹರಿದ ಬಲೆ.
ಇದರ ಹೆಸರೇನು, ಕೇಳಿದಳು ಮಿನೂ.
"ಮಳೆಗಾಲಕ್ಕೆ ಇರೂದಿಲ್ಲ. ಹೆಸರು ಯಾಕೆ?"

ಡೇರೆಯ ಗೂಟ ಮರಳಲ್ಲಿ ನಿಲ್ಲಲಿಲ್ಲ.
ಹೊಡೆದಷ್ಟೂ ಒಳಗೆ ಹೋಗಿ, ಎಳೆದಷ್ಟೂ ಹೊರಗೆ ಬಂದು,
ಸುಳ್ಳು ಸಾಕ್ಷಿಯ ಹಾಗೆ.
ಮೊದಲ ಗಾಳಿ ಬಂದದ್ದು ಆಗಲೇ,
ಹಸಿ ಮಣ್ಣಿನ, ಸುಟ್ಟ ತರಗೆಲೆಯ, ಶಿರಸಿ ಕಡೆಯ ಗಾಳಿ.
ಜಟ್ಟು ನನ್ನ ಪೆಟ್ಟಿಗೆಯ ಕಡೆ ನೋಡಿದ.
ಬೇಡ, ಅಂದೆ.
ಅವನು ಏನೂ ಕೇಳಿರಲಿಲ್ಲ.

ಆಮೇಲೆ ನಾನೇ ಮಂಡಿಯೂರಿ ಗುಂಡಿ ತೋಡಿದೆ.
ಒಂದೊಂದು ಹಗ್ಗದ ಕೊನೆಗೆ ಮೂರು, ನಾಲ್ಕು,
ಚೀಟಿ ಅಂಟಿಸಿದ ಬಾಟಲಿಗಳ ಕಟ್ಟು,
ಮೇಲೆ ಮರಳು, ಅದರ ಮೇಲೆ ಅಂಗೈ.
ಹದಿನಾಲ್ಕು ಕಿಲೋಮೀಟರು ಹೊಳೆ
ನಮ್ಮ ಮಾಡನ್ನು ಹಿಡಿದು ಕೂತಿತು.

ರಾತ್ರಿ ಮಳೆ ಬಂದರೆ ನಾಳೆಯ ಅಂಕಿ ಕೆಟ್ಟಿತು.
ಘಟ್ಟದ ಸಿಹಿನೀರು ಇಳಿದು ಉಪ್ಪನ್ನು
ತದಡಿಯ ತನಕ ತಳ್ಳಿಕೊಂಡು ಹೋದರೆ
ಮುಂದಿನ ಮೇ ತನಕ ಕಾಯಬೇಕು,
ದುಡ್ಡು ಕೊಟ್ಟವರು ಕಾಯುವುದಿಲ್ಲ.
ಇಷ್ಟನ್ನು ಜೋರಾಗಿಯೇ ಹೇಳಿದೆನೇನೋ.
"ಹೊಳಿ ಏನು ನಿಮ್ಮ ಪರೀಕ್ಷೆಗೆ ಕೂತದ್ದ?"
ಎಂದು ಜಟ್ಟು ನೀರಂಚಿಗೆ ಒಂದು ಕೋಲು ನೆಟ್ಟ.
"ಇದು ಮುಳುಗಿದ್ರೆ ಎಬ್ಬಸ್ತೆ. ಮಲ್ಕಣಿ."
ಪಾತಿಯನ್ನು ಬೋರಲು ಹಾಕಿ
ಹುಟ್ಟಿನ ಸಮೇತ ಅದರಡಿಗೆ ತೂರಿದ.

ಮಲಗಿದವರಾರು?
ಮಿಂಚಿದಾಗಲೆಲ್ಲ ಡೇರೆಯ ಬಟ್ಟೆಯ ಮೇಲೆ
ಆ ಕೋಲಿನ ನೆರಳು, ಒಂದು ಗೇಣು,
ಮುಂದಿನ ಮಿಂಚಿಗೆ ಗೇಣಿಗೆ ಬೆರಳು ಕಡಿಮೆ.
ಮಿನೂ ಎಣಿಸುತ್ತಿದ್ದಳು,
ಬೆಳಕಿಗೂ ಗುಡುಗಿಗೂ ನಡುವೆ:
ಹನ್ನೊಂದು. ಒಂಬತ್ತು. ಒಂಬತ್ತು. ಆರು.
ಅವಳ ತಣ್ಣನೆ ಪಾದ ನನ್ನ ಮೀನಖಂಡಕ್ಕೆ ತಾಗಿ
ಹಿಂದೆ ಸರಿಯಲಿಲ್ಲ.

ಆಗ ಪಾತಿಯೊಳಗಿಂದ ಟಕ್, ಟಕ್.
ಮರಕ್ಕೆ ಗೆಣ್ಣು ಬಡಿದ ಸದ್ದು.
ಏನಾದರೂ ಬೇಕಾ, ಕೂಗಿದೆ.
ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ, ಟಕ್, ಟಕ್.
ಇದ್ದೇನೆ ಅನ್ನುವುದಕ್ಕೋ,
ಇದ್ದೀರಾ ಅನ್ನುವುದಕ್ಕೋ,
ಅಥವಾ ಒಬ್ಬನೇ ಕತ್ತಲಲ್ಲಿ ಹೆದರಿಕೆಗೋ.
ಮಿನೂ ಅನ್ನದ ಪಾತ್ರೆಗೆ ಚಮಚ ಬಡಿದಳು,
ಟಿಣ್, ಟಿಣ್.

ಮೂರು ಎಣಿಸುವಷ್ಟರಲ್ಲಿ ಗುಡುಗು.
ಹಗ್ಗಗಳು ಬಿಗಿದವು.
ಮರಳಿನಡಿ ಗಾಜಿಗೆ ಗಾಜು ತಾಗಿದ್ದು
ಕಿವಿಗಲ್ಲ, ಬೆನ್ನಿಗೆ ಗೊತ್ತಾಯಿತು.
ಉಳಿದಿದ್ದ ಖಾಲಿ ಬಾಟಲಿಯ ಮುಚ್ಚಳ ತೆಗೆದು
ಡೇರೆಯ ಸಂದಿಯಿಂದ ಕೈ ಹೊರಗೆ ಚಾಚಿದೆ.
ಯಾಕೆಂದು ಕೇಳಿದರೆ ನನ್ನಲ್ಲಿ ಕಾರಣವಿಲ್ಲ.
ಮೊದಲ ಹನಿ ಬಾಟಲಿಗೆ ಬೀಳಲಿಲ್ಲ,
ಮಣಿಕಟ್ಟಿಗೆ ಬಿತ್ತು,
ಬಿಸಿ ಇತ್ತು.