ಕಣಜದ ಊರು

ಮೂರು ಪಿನ್ನಿನ ಪ್ಲಗ್ಗಿಗೆ ಮೂರು ತೂತು.
ಮೇಲಿನ ದೊಡ್ಡದನ್ನು ಮುಚ್ಚಿಬಿಟ್ಟಿದ್ದಾಳೆ
ಭಾನುವಾರ, ನಾವ್ಯಾರೂ ಇಲ್ಲದಾಗ.
ಮೆಟ್ರೋಗೆಂದು ಅಗೆದ ಗುಂಡಿಯಿಂದ
ಉಂಡೆ ಉಂಡೆ ಕೆಮ್ಮಣ್ಣು ಹೊತ್ತು,
ಬಾಯಲ್ಲಿ ಕಲೆಸಿ, ಕಾಲಲ್ಲಿ ತಟ್ಟಿ,
ಆ ದಾರದೆಳೆ ಸೊಂಟ ಹೊತ್ತುಕೊಂಡು
ಎಷ್ಟು ಸಲ ಓಡಾಡಿದಳೋ.

ಒಳಗೆ ಹಸಿರು ಹುಳ ಎಂಟು.
ಸತ್ತಿಲ್ಲ, ಅಲುಗುವುದೂ ಇಲ್ಲ.
ಮುಖ ನೋಡದ ಮಗಳಿಗೆ ಕೂಡಿಟ್ಟ ದವಸ.
ನಮ್ಮ ಮಾತಿಗೆ ಇದು ಮೊದಲೇ ಗೊತ್ತಿತ್ತೇನೋ:
ಕಾಳು ತುಂಬುವುದೂ ಕಣಜ,
ಕುಟುಕುವುದೂ ಕಣಜ.

ನನ್ನ ಕೆಲಸ ಚೀಟಿ ಬರೆಯುವುದು.
ಸೂಜಿಯ ಮೇಲೆ ನಿಂತವರ ಪಾದದ ಕೆಳಗೆ
ಸಾಸಿವೆಯಷ್ಟು ಅಕ್ಷರದಲ್ಲಿ
ಊರು, ತಾರೀಖು, ಹಿಡಿದವರು.
ಹೆಬ್ಬಾಳ. ಜಿಗಣಿ. ಬೇಗೂರು ಕೆರೆ ಏರಿ.
ಇಪ್ಪತ್ತೆರಡು ವರ್ಷ.
ಒಂದು ಡಬ್ಬಿ ಮಾತ್ರ ಹಾಗೇ ಉಳಿದಿದೆ;
ಹಿಡಿದವರು ತೀರಿಕೊಂಡರು,
ಅವರ ಪುಸ್ತಕ ಗೆದ್ದಲಿಗಾಯಿತು.

ಮೆಮ್ಚಾ ಬರುತ್ತಾಳೆ, ಚಿಮಟ ಹಿಡಿದು,
ಒಬ್ಬೊಬ್ಬರದು ಒಂದೊಂದು ಕಾಲು ಮುರಿಯುತ್ತಾಳೆ,
ಬಲಗಡೆಯದು, ನಡುವಿನದು.
ಅರೆದು, ನೆನೆಸಿ, ಗಿರಗಿರ ತಿರುಗಿಸಿ
ನಾಲ್ಕೇ ಅಕ್ಷರದ ಉದ್ದನೆ ಓಲೆ ಓದುತ್ತಾಳೆ.
ಗೋಡೆಗೆ ಒಂದು ಮರ ಅಂಟಿಸಿದ್ದಾಳೆ,
ಬುಡ ಎಡಕ್ಕೆ, ತುದಿ ಬಲಕ್ಕೆ,
ಗಾಳಿಗೆ ಅಡ್ಡಬಿದ್ದ ಹುಣಸೆಯ ಹಾಗೆ.
‘ನೋಡಿ ಅಲಮೇಲಕ್ಕ,
ಮಡಕೆ ಮಾಡೋರೆಲ್ಲ ಒಂದೇ ಮನೆಯವರಲ್ಲ.
ಈ ಕವಲಿನವರು ಕಾಗದದ ಗೂಡು ಕಟ್ಟೋರಿಗೆ ಹತ್ತಿರ,
ಆ ಕುಂಬಾರರಿಗೇ ದೂರ.’

ನಗು ಬಂತು. ಪಾಟರಿ ಟೌನಿನಲ್ಲಿ ಹುಟ್ಟಿದವಳಿಗೆ
ಇದನ್ನು ಹೇಳಿಕೊಡಬೇಕೆ?
ನಮ್ಮ ಸಾಲಿನಲ್ಲಿ ನಾಲ್ಕು ಮನೆ ತಮಿಳು, ಮೂರು ತೆಲುಗು,
ಮೂಲೆ ಮನೆಯವರಿಗೆ ತಮ್ಮದು ಯಾವುದೆಂದು
ತಮಗೇ ಮರೆತಿತ್ತು.
ಹಬ್ಬ ಬಂದರೆ ಗಣಪನ ಸೊಂಡಿಲು ಮಾತ್ರ
ಎಲ್ಲರ ಅಂಗಳದಲ್ಲೂ ಒಂದೇ ಕಡೆ ತಿರುಗುತ್ತಿತ್ತು.
ನಮ್ಮದು ಯಾವೂರಜ್ಜಿ, ಎಂದು ಕೇಳಿದರೆ
ಪಟ್ಟಮ್ಮ ಮಣ್ಣು ತುಳಿಯುತ್ತಲೇ ಅನ್ನುತ್ತಿದ್ದಳು:
ಜೇಡಿ ಸಿಕ್ಕಿದ್ದು.

ಮರದ ಕವಲಿಗೊಂದು ಬಣ್ಣದ ಬೊಟ್ಟು.
ಹಸಿರು ಏಷ್ಯಾ, ಕೆಂಪು ಆಫ್ರಿಕಾ, ನೀಲಿ ಅಮೆರಿಕ.
ಬುಡದ ಬೊಟ್ಟು ಮಾತ್ರ
ಮೂರು ಜನಕ್ಕೆ ಹರಿದ ಹೋಳಿಗೆ.
‘ಇಲ್ಲಿ ಖಾತ್ರಿ ಇಲ್ಲ ಅಕ್ಕ, ನೂರಕ್ಕೆ ನಲವತ್ತೊಂದು.’
ಮೂವತ್ತೈದಕ್ಕೆ ಪಾಸಾದವಳು ನಾನು,
ನಲವತ್ತೊಂದು ಸಾಲದೇನೇ, ಅಂದೆ.

ಆಮೇಲೆ ಅವಳು ಗುಟ್ಟು ಹೇಳುವವಳಂತೆ:
ಆ ಕಾಲಕ್ಕೆ ಈ ನೆಲವೇ ಇಲ್ಲಿರಲಿಲ್ಲವಂತೆ.
ಲಾಲ್‌ಬಾಗಿನ ಬಂಡೆ,
ನಾವು ಕೂತು ಕಡ್ಲೆಕಾಯಿ ಸುಲಿದ ಅದೇ ಬಂಡೆ,
ತೆಂಕಣ ಕಡಲಲ್ಲಿ ತೆಪ್ಪವಾಗಿ ಬರುತ್ತಿತ್ತಂತೆ,
ವರ್ಷಕ್ಕೊಂದು ಗೇಣು ತುಂಬದ ನಡಿಗೆಯಲ್ಲಿ.
ಇವರು ತೆಪ್ಪ ಹತ್ತಿ ಬಂದವರೋ,
ಅದು ದಡ ಮುಟ್ಟಲೆಂದು ಕಾದು ಹಾರಿದವರೋ.
ಕಣಜವನ್ನು ಊರು ಕೇಳುವವರು
ಮೊದಲು ಬಂಡೆಯನ್ನು ಕೇಳಲಿ.

ಮತ್ತಿಕೆರೆಯಲ್ಲಿ ಬಾಡಿಗೆಗೆ ಹೋದರೆ
ಮಾಲೀಕ ಕೇಳಿದನಂತೆ, ಯಾವ ದೇಶ?
ಮೊಯಿರಾಂಗ್ ಎಂದಳಂತೆ. ಅದೆಲ್ಲಿ, ಎಂದನಂತೆ.
ಹೇಳುವಾಗ ಅವಳ ಕಣ್ಣು ಗೋಡೆಯ ಮರದ ಮೇಲಿತ್ತು.
ಇನ್ನೊಮ್ಮೆ ಕೇಳಿದರೆ
ನೂರಕ್ಕೆ ನಲವತ್ತೊಂದು ಅನ್ನು, ಅಂದೆ.
ಚಿಮಟ ಕೈಜಾರುವಷ್ಟು ನಕ್ಕಳು.

ಸೋಮವಾರ ಮಧ್ಯಾಹ್ನ ಖಲಂದರ್ ಬಂದ,
ಸ್ಕ್ರೂಡ್ರೈವರ್ ತಂದಿದ್ದ.
ನಿಲ್ಲು, ಅಂದೆ.
ಟೀ ಕಾಯಿಸುವ ಕೆಟಲ್ಲನ್ನು ಕಿಟಕಿಯ ಪಕ್ಕದ ಪ್ಲಗ್ಗಿಗೆ ಸಾಗಿಸಿ
ಒಂದು ಚೀಟಿ ಬರೆದೆ, ಈ ಸಲ ದೊಡ್ಡ ಅಕ್ಷರದಲ್ಲಿ.
ಊರು ಬರೆಯಲಿಲ್ಲ.
ತಾರೀಖು ಹಾಕಿದೆ, ಕೆಳಗೆ ಇಷ್ಟು:
ಬಳಸಬೇಡಿ. ಕಣಜ ತುಂಬಿದೆ.