ಯಾವ ಕೋಣೆಯ ಎಂಟು ಗಂಟೆ

ಹಲೋ. ಹೌದು, ನಾನೇ. ವರ್ನಾ ಕಾಲ್ಡರ್.
ಹುಟ್ಟಿದ ತಾರೀಖು ಹೇಳಿಯಾಯಿತು,
ಅಮ್ಮನ ತವರಿನ ಹೆಸರು ಹೇಳಿಯಾಯಿತು,
ನಲವತ್ತು ನಿಮಿಷ ನಿಮ್ಮ ಪಿಟೀಲು ಕೇಳಿಯೂ ಆಯಿತು.
ಈಗ ನೀನು ಕೇಳು, ಷಾಂತಾಲ್.

ಸಾವಿರದ ನೂರ ಅರವತ್ತನಾಲ್ಕು ಡಾಲರು, ಮೂವತ್ತೊಂದು ಸೆಂಟು.
ಆ ಮೂವತ್ತೊಂದು ಸೆಂಟು ತಗೋ, ಕೊಟ್ಟೆ.
ಉಳಿದದ್ದಕ್ಕೆ ಲೆಕ್ಕ ಬೇಕು.

ಅಮೆರಿಕಕ್ಕೆ ಯಾವಾಗ ಹೋಗಿದ್ದಿರಿ ಅನ್ನುತ್ತೀಯ.
ಹೋಗಿಲ್ಲ ತಾಯಿ. ಅಮೆರಿಕವೇ ಬಂದದ್ದು
ಅಡುಗೆಮನೆಯ ಕಿಟಕಿಯಿಂದ,
ಕೇಳದೆ, ಕಾಲೊರೆಸದೆ.
ನಮ್ಮದು ದ್ವೀಪ. ಕ್ಯಾಂಪೊಬೆಲೊ. ನಕಾಶೆಯಲ್ಲಿ ಹುಡುಕು, ಕಾಯುತ್ತೇನೆ.
ಸಿಕ್ಕಿತೆ? ಆ ಸಣ್ಣ ನೀರಿನ ಪಟ್ಟಿಯಾಚೆ ಲೂಬೆಕ್.
ಅಲ್ಲಿಯ ನಾಯಿ ಬೊಗಳಿದರೆ ನಮ್ಮ ಬೆಕ್ಕಿನ ಬಾಲ ಉಬ್ಬುತ್ತದೆ.
ಅಲ್ಲೊಂದು ಟವರು, ನೆತ್ತಿಗೆ ಕೆಂಪು ದೀಪ.
ನಿಮ್ಮದು ಗುಡ್ಡದ ಹಿಂದೆ
ಸಾಲ ಮಾಡಿದವನ ಹಾಗೆ ಅಡಗಿಕೊಂಡಿದೆ.
ಫೋನಿಗೇನು ಗೊತ್ತು ಯಾರು ಯಾವಾಗ ಗೆರೆ ಎಳೆದರೆಂದು,
ಜೋರಾಗಿ ಕರೆದವರ ಹಿಂದೆ ಹೊರಟುಬಿಡುತ್ತದೆ.

ಮಲಗುವ ಕೋಣೆಯಲ್ಲಿ ಎಂಟು ಗಂಟೆ ತೋರಿಸುತ್ತದೆ,
ಅಡುಗೆಮನೆಗೆ ತಂದರೆ ಏಳು.
ಹದಿನಾಲ್ಕು ಹೆಜ್ಜೆಗೆ ದಿನಾ ಒಂದು ತಾಸು ಚಿಕ್ಕವಳಾಗುತ್ತೇನೆ.
ಅದಕ್ಕಿನ್ನೂ ಬಿಲ್ಲು ಬಂದಿಲ್ಲ.

ಹೋದದ್ದು ಹೋದೆ ಅನ್ನುವವಳು ನಾನು.
ಮಾರ್ಚ್ ತಿಂಗಳಲ್ಲಿ ನಾಲ್ಕು ಸಲ, ಸೇತುವೆ ದಾಟಿ.
ನಮ್ಮ ದೇಶದ ಆಸ್ಪತ್ರೆ ಮುಟ್ಟಲು ಪರದೇಶದ ರಸ್ತೆ,
ಎರಡು ಸುಂಕದ ಕಟ್ಟೆ. ಕಟ್ಟೆಯ ಡ್ವೈಟ್‌ನನ್ನು ಕೇಳು:
ಹಳೆಯ ಟ್ರಕ್ಕು ಒಂದು, ಮುದುಕಿ ಒಬ್ಬಳು, ಡಬ್ಬಿಯಲ್ಲಿ ಮೀನಿನ ಸಾರು.
ಆ ನಾಲ್ಕೂ ದಿನ ಫೋನು ಆರಿಸಿಟ್ಟಿದ್ದೆ, ದುಡ್ಡು ಹೋದೀತೆಂದು.
ನಿಮ್ಮ ಕಾಗದದಲ್ಲಿ ನೋಡು,
ಆ ನಾಲ್ಕು ದಿನಕ್ಕೇ ಸೊನ್ನೆ.

ಉಪ್ಪು ತಿಂದವರು ನೀರು ಕುಡಿಯಬೇಕು, ಒಪ್ಪಿದೆ.
ಮೂವತ್ತು ವರ್ಷ ಹೆರಿಂಗ್ ಮೀನಿಗೆ ಉಪ್ಪು ತುಂಬಿದ ಕೈ ಇದು.
ಈ ಉಪ್ಪು ನನ್ನದಲ್ಲ.

ಏನು? ಹನ್ನೊಂದನೆಯ ತಾರೀಖಿನದೆ?
ರಾತ್ರಿ ಹತ್ತು ನಲವತ್ತರಿಂದ ಬೆಳಗಿನ ಐದು ಹತ್ತರವರೆಗೆ,
ಮುನ್ನೂರ ತೊಂಬತ್ತು ನಿಮಿಷ ಮಾತು, ಅಂತ ಬರೆದಿದೆ.

ಮಾತಾಡಿಲ್ಲ, ಷಾಂತಾಲ್.
ಮಾರನೆಯ ದಿನ ಅವನ ಎದೆ ಕೊಯ್ಯುವುದಿತ್ತು.
ಲೈಲ್ ಆ ಕಡೆ, ನಾನು ಈ ಕಡೆ.
ಇಡಬೇಡ ಅಂದ. ಇಡಲಿಲ್ಲ.
ಮಲಗುವ ಕೋಣೆಯಲ್ಲಿ ನಿಮ್ಮ ಸಿಗ್ನಲ್ಲು ಒಂದೇ ಕಡ್ಡಿ,
ನಡುವೆ ಸಾಯುತ್ತದೆ;
ಆ ರಾತ್ರಿ ಯಾವುದೂ ನಡುವೆ ಸಾಯಬಾರದಿತ್ತು.
ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ
ನಾನು ಬಲೆಯ ತೂತು ಹೊಲಿದೆ, ಅವನು ಉಸಿರಾಡಿದ.
ಒಮ್ಮೆ ಕೆಮ್ಮಿದ. ಒಮ್ಮೆ ಯಾರೋ ಬಂದು ಪರದೆ ಸರಿಸಿದರು.
ಮೂರು ಗಂಟೆಗೆ, ನಮ್ಮ ಮೂರೋ ಅವರ ಮೂರೋ ಕಾಣೆ,
ಇದ್ದೀಯಾ? ಅಂದ.
ಹ್ಞೂಂ, ಅಂದೆ.
ಮಾತು ಅಂದರೆ ಅದು, ಎರಡೇ ಪದ.
ಅದರ ರೇಟು ಹೇಳು, ಇವತ್ತೇ ಕಟ್ಟುತ್ತೇನೆ.
ಮಿಕ್ಕಿದ್ದು ನಮ್ಮ ಮನೆಯ ಮೌನ.
ನಿಮ್ಮ ಟವರಿನದೂ ಅಲ್ಲ, ಅವರ ಟವರಿನದೂ ಅಲ್ಲ,
ನಲವತ್ತೇಳು ವರ್ಷ ಇಬ್ಬರೇ ಕೂಡಿಹಾಕಿದ್ದು.

ಹಲೋ?
ಇದ್ದೀಯಾ?

ಅರ್ಧ ಬಿಡುತ್ತೀರಾ, ಸದ್ಭಾವನೆಯಿಂದ.
ಬೇಡ. ಸದ್ಭಾವನೆ ನಮ್ಮ ಫ್ರೀಜರಿನಲ್ಲೇ ತುಂಬಿದೆ,
ಪಕ್ಕದ ಮನೆಯವರು ತಂದಿಟ್ಟ ಜಿಂಕೆ ಮಾಂಸ, ಬ್ಲೂಬೆರಿ ಕಡುಬು.
ತಪ್ಪು ಅನ್ನುವ ಪದವೊಂದು ಸಾಕು ನನಗೆ,
ನಿಮ್ಮ ಕಾಗದದ ಮೇಲೆ, ನಿಮ್ಮ ಮೊಹರಿನ ಕೆಳಗೆ.

ಹ್ಞಾಂ, ಬಂದಿದ್ದಾನೆ ಮನೆಗೆ. ಕೇಳಿದೆಯಲ್ಲ, ಸಂತೋಷ.
ಒಳಗಿದ್ದಾನೆ. ಗೊರಕೆ.
ಪುಕ್ಕಟೆ.

ನಿಮ್ಮ ಮೇಲಿನವರು ನಾಳೆ ಎಂಟಕ್ಕೆ ಫೋನು ಮಾಡುತ್ತಾರೋ?
ಮಾಡಲಿ.
ಯಾವ ಕೋಣೆಯ ಎಂಟು ಗಂಟೆ,
ಕೇಳಿ ಹೇಳು.