ನಾಲ್ಕನೆಯ ಅಂಕಣ

ಲಗೂನಾದ ಕಾಲುವೆ. ಜೂನ್ ಎಂದರೆ ಇಲ್ಲಿ ಕೊರೆಯುವ ಚಳಿ.
ಸೊಂಟಮಟ್ಟ ನೀರಲ್ಲಿ ಒಂಬತ್ತು ಗಂಡಸರು,
ತೋಳಿನ ಮೇಲೆ ಬೀಸುಬಲೆ.
ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಿರುವುದರಿಂದ
ಯಾರೂ ಮಾತಾಡುವಂತಿಲ್ಲ.

ದಂಡೆಯಲ್ಲಿ ನಾನು, ಬೆಲೆಂನಿಂದ ಬಂದವಳು, ಎರಡು ಸ್ವೆಟರಿನೊಳಗೆ.
ಮಡಿಲಲ್ಲಿ ನೋಟುಪುಸ್ತಕ. ಅದರಲ್ಲಿ ಮೂರು ಅಂಕಣ:
ಗಂಟೆ ಎಷ್ಟು, ಡಾಲ್ಫಿನ್ ಏನು ಮಾಡಿತು, ಮನುಷ್ಯ ಏನು ಮಾಡಿದ.
ಯಾಕೆ ಎಂಬುದಕ್ಕೆ ಅಂಕಣವಿಲ್ಲ.
ಕಂಡದ್ದು ಬರಿ, ಅಂದುಕೊಂಡದ್ದು ಬೇಡ,
ಕೆಲಸ ಕೊಟ್ಟವರು ಕಡ್ಡಿ ಮುರಿದಂತೆ ಹೇಳಿದ್ದರು.

೭.೧೨. ಬೆನ್ನು ಬಾಗಿತು. ಬಲೆ ಬಿತ್ತು.
೭.೧೯. ತಲೆ ನೀರಿಗೆ ಬಡಿಯಿತು. ಬಲೆ ಬಿತ್ತು.
೭.೩೧. ಸುಮ್ಮನೆ ಬೆನ್ನು ಬಾಗಿತು. ಯಾರೂ ಅಲುಗಲಿಲ್ಲ.

ಆ 'ಸುಮ್ಮನೆ' ಎಲ್ಲಿಂದ ಬಂತು?
ಮೊದಲ ಬಾಗಿಗೂ ಕೊನೆಯದಕ್ಕೂ ನಡುವೆ
ಕೂದಲೆಳೆಯಷ್ಟು ಏನೋ ಇತ್ತು, ನನಗೆ ಕಾಣಲಿಲ್ಲ,
ಒಂಬತ್ತು ಜನಕ್ಕೆ ಕಂಡಿತ್ತು.
ನಾನು ಓದಿದ್ದು ಡಾಲ್ಫಿನ್ನನ್ನಲ್ಲ,
ಅವರ ಸುಮ್ಮನಿದ್ದ ಭುಜಗಳನ್ನು.

ಐದನೆಯ ವಾರ. ಅವರೇ ಹೆಸರಿಟ್ಟ ಮುದಿ ಹೆಣ್ಣು, ಬೆಂಟಾ,
ಅನುಮಾನಕ್ಕೆ ಎಡೆಯಿಲ್ಲದಂತೆ ಬಾಗಿತು.
ವಲ್ಡೊಮೀರೊ ಬೀಸಿದ.
ಮೇಲೆ ಬಂದದ್ದು ಹಿಡಿ ಪಾಚಿ, ಎಡಗಾಲಿನ ಒಂದು ಚಪ್ಪಲಿ.
ಅವನು ನೀರಿಗೆ ಮುಖ ಮಾಡಿ ಕೂಗಿದ:
'ನೀನೇ ತಾನೆ ಹೇಳಿದ್ದು!'

ಗಾಳಿಯನ್ನು ಬೈಯುತ್ತಾರೆ ಈ ಜನ, ಮಳೆಯನ್ನು, ಸರ್ಕಾರವನ್ನು.
ನೀನೇ ತಾನೆ ಹೇಳಿದ್ದು ಅಂತ ಗಾಳಿಯನ್ನು
ಯಾರೂ ಕೇಳಿದ್ದು ನಾನು ಕಾಣೆ.
ತಪ್ಪು ಹೇಳಬಲ್ಲದ್ದಕ್ಕೆ ಮಾತ್ರ
ಹೇಳಲು ಬರುತ್ತದೆ ಅಂತ
ರಾತ್ರಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ.
ಬೆಳಿಗ್ಗೆ ಅಳಿಸಿದೆ. ಕಂಡದ್ದಲ್ಲವಲ್ಲ.

ಇನ್ನೊಂದಿದೆ, ಲೆಕ್ಕಕ್ಕೆ ಬಾರದ್ದು.
ಮೊದಲ ದಿನ ಮಂಜು ಹಿಡಿದಿತ್ತೆಂದು ಕನ್ನಡಕ ತೆಗೆದು ಒರೆಸಿದೆ.
ಗೂಡಂಗಡಿಯ ಜೆನಿಲ್ಡಾ ಕಾಫಿ ತಂದಿಟ್ಟಳು.
ಕೇಳಿರಲಿಲ್ಲ. ಕುಡಿದೆ, ಬೇಡವೆನ್ನಲು ಸಂಕೋಚ.
ಮರುದಿನ ಒರೆಸಿದೆ, ಬಂತು.
ಈಗ ಮಂಜಿಲ್ಲದ ದಿನವೂ ಒರೆಸುತ್ತೇನೆ.
ಒಂದು ಕಾಫಿ ಕೊಡು ಅನ್ನಲು ಬಾಯಿಲ್ಲವೇ?
ಇದೆ. ಆದರೆ ಹಾಗೆಂದರೆ
ನಮ್ಮಿಬ್ಬರ ನಡುವೆ ಏನೋ ಮುರಿದೀತು.
ಅವಳ ತಲೆಯೊಳಗೂ ಒಂದು ನೋಟುಪುಸ್ತಕವಿರಬೇಕು:
ಗಂಟೆ ಎಂಟು. ಬೆಲೆಂನವಳು ಗಾಜು ಒರೆಸಿದಳು. ನಾನು ಒಲೆ ಹಚ್ಚಿದೆ.

ಇವತ್ತು ಮುಂಜಾನೆ ಅಕ್ಕನ ಫೋನು.
ಆಮೇಲೆ ಕಾಲುವೆಗೆ ಬಂದು ಕೂತೆ, ಕನ್ನಡಕ ತೆಗೆದೆ, ಒರೆಸಿದೆ,
ಅದೇ ಕೈ, ಅದೇ ಸ್ವೆಟರಿನ ಅದೇ ತುದಿ.

೮.೦೪. ಕಾಫಿ ಬರಲಿಲ್ಲ.
ಜೆನಿಲ್ಡಾ ಬಂದಳು, ಬರಿಗೈಲಿ,
ಪಕ್ಕದ ಕಲ್ಲಿನ ಮೇಲೆ ಕೂತಳು.
೮.೫೦. ಇನ್ನೂ ಕೂತಿದ್ದಾಳೆ.